ಲಾರೆನ್ಸ್ ಸನ್ಯಾಸಿಯ ಗಿಡಮೂಲಿಕೆ ಬುಟ್ಟಿ: ‘ರೋಮಿಯೋ ಜೂಲಿಯೆಟ್’ನಲ್ಲಿ ಆ ಮಾತು ಉಳಿಸಬೇಕೋ, ಕತ್ತರಿಸಬೇಕೋ?

ಬಯಲುರಂಗ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಹವ್ಯಾಸಿ ತಂಡವೊಂದು ಶೇಕ್ಸ್‌ಪಿಯರನ ‘ರೋಮಿಯೋ ಜೂಲಿಯೆಟ್’ ಎತ್ತಿಕೊಂಡಿದೆ. ಎರಡು ಗಂಟೆಯೊಳಗೆ ಮುಗಿಸಬೇಕು. ಕತ್ತರಿ ಹಾಕುವಾಗ ಎಲ್ಲರ ಕಣ್ಣೂ ಮೊದಲು ಬಿದ್ದದ್ದು ಎರಡನೇ ಅಂಕದ ಮೂರನೇ ದೃಶ್ಯದ ಮೇಲೆ. ಬೆಳಗಿನ ಜಾವ ಸನ್ಯಾಸಿ ಲಾರೆನ್ಸ್ ಬುಟ್ಟಿ ಹಿಡಿದು ಬರ್ತಾನೆ, ಗಿಡ, ಹೂವು, ವಿಷ, ಔಷಧ ಅಂತ ಒಬ್ಬನೇ ಮೂವತ್ತು ಸಾಲು ಮಾತಾಡ್ತಾನೆ. ಕಥೆ ಒಂದಿಂಚೂ ಮುಂದೆ ಹೋಗಲ್ಲ. ಹಿಂದಿನ ದೃಶ್ಯದಲ್ಲಿ ಉಪ್ಪರಿಗೆ, ಬೆಳದಿಂಗಳು, ಜನ ಗುಂಗಿನಲ್ಲಿರ್ತಾರೆ. ಅಲ್ಲಿಗೆ ಈ ಆಯುರ್ವೇದದ ಪಾಠ ಯಾಕೆ ಅನ್ನೋದು ಅರ್ಧ ತಂಡದ ವಾದ. ಗಿಡಗಳ ಸಂಕೇತ ನಾಟಕದಲ್ಲಿ ನಿಜಕ್ಕೂ ಅಷ್ಟು ಮುಖ್ಯವೇ? ಇಟ್ಟುಕೊಂಡರೆ ರಂಗದ ಮೇಲೆ ಅದನ್ನ ಕಾಣಿಸೋದು ಹೇಗೆ? ಬಲ್ಲವರು ಬಿಡಿಸಿ ಹೇಳಿ.

ಮೇಷ್ಟ್ರು_ಹೊಸದುರ್ಗ

ಕತ್ತರಿಸಬೇಡಿ. ಇಡೀ ನಾಟಕದ ಕಾನೂನು ಅಲ್ಲಿ ಬರೆದಿದೆ, ಬರೆದವನೇ ಕೊನೆಗೆ ಆ ಕಾನೂನಿಗೆ ಸಿಕ್ಕಿಬೀಳ್ತಾನೆ.

ಆ ಮೂವತ್ತು ಸಾಲಿನಲ್ಲಿ ಮೂರು ಮಾತಿವೆ. ಒಂದು, ಭೂಮಿ ಹೆರುವವಳೂ ಹೌದು, ಹೂಳಿಸಿಕೊಳ್ಳುವವಳೂ ಹೌದು. ಐದನೇ ಅಂಕದ ಗೋರಿ ಇಲ್ಲೇ ಅಗೆಯೋಕೆ ಶುರುವಾಯಿತು ಅಂದ್ಕೊಳ್ಳಿ. ಎರಡು, ಕೈಯಲ್ಲಿರೋ ಒಂದು ಎಳೆ ಹೂವನ್ನ ತೋರಿಸಿ, ಮೂಸಿದರೆ ಮೈಯೆಲ್ಲ ಹುರುಪು, ತಿಂದರೆ ಎದೆಯ ಜೊತೆಗೆ ಇಂದ್ರಿಯಗಳೆಲ್ಲ ನಿಂತುಹೋಗ್ತವೆ ಅನ್ನೋದು. ಮೂರು, ಗಿಡದ ಹಾಗೆಯೇ ಮನುಷ್ಯನಲ್ಲೂ ಇಬ್ಬರು ರಾಜರು ಡೇರೆ ಹಾಕಿರ್ತಾರೆ, ಕೆಟ್ಟವನ ಕೈ ಮೇಲಾದರೆ ಹುಳು ಆ ಗಿಡವನ್ನ ಬೇಗ ತಿಂದುಹಾಕುತ್ತೆ ಅನ್ನೋದು.

ಎರಡನೇ ಮಾತನ್ನ ಹಿಡಿದು ನಾಟಕ ಓದಿ. ಮೂಸುವ ದೂರದಲ್ಲೇ ಇದ್ದರೆ ಹಿತ, ನುಂಗಿದರೆ ಸಾವು. ಮದುವೆ ದೃಶ್ಯದಲ್ಲಿ ಇದೇ ಲಾರೆನ್ಸ್, ಅತಿ ಸಿಹಿ ಜೇನೂ ತನ್ನ ಸಿಹಿಯಿಂದಲೇ ವಾಕರಿಕೆ ತರಿಸುತ್ತೆ, ಪ್ರೀತಿ ಹದವಾಗಿರಲಿ ಅಂತಾನೆ. ಮಾತು ಅದೇ, ಗಿಡದ ಬದಲು ಜೇನು ಬಂತು ಅಷ್ಟೆ. ಆಮೇಲೆ ಹದ ಕಲಿಸುವವನೇ ಆ ಗಂಟೆಯಲ್ಲೇ ಮದುವೆ ಮಾಡಿಸಿಬಿಡ್ತಾನೆ.

ಇನ್ನೊಂದು ಸೂಕ್ಷ್ಮ ಇದೆ. 1599ರ ಎರಡನೇ ಕ್ವಾರ್ಟೊ (ಆ ಕಾಲದ ಸಣ್ಣ ಆಕಾರದ ಅಚ್ಚು ಪುಸ್ತಕ) ಮುದ್ರಣದಲ್ಲಿ ರೋಮಿಯೋ ಒಳಗೆ ಬರೋದು ಸನ್ಯಾಸಿಯ ಮಾತು ಮುಗಿದ ಮೇಲಲ್ಲ, ‘ಈ ಎಳೆ ಹೂವಿನ ಸಿಪ್ಪೆಯೊಳಗೆ’ ಎಂಬ ಸಾಲಿಗೆ ಮೊದಲೇ. ಎಷ್ಟೋ ಸಂಪಾದಕರು ಅದನ್ನ ಕೆಳಗೆ ತಳ್ಳಿ, ಅವನು ನಮಸ್ಕಾರ ಹೇಳುವ ಜಾಗಕ್ಕೆ ತಂದಿದಾರೆ. ನೀವು ಹಳೆಯ ಪಾಠವನ್ನೇ ಹಿಡೀರಿ. ವಿಷದ ಮಾತು ನಡೆಯುವಾಗ ರೋಮಿಯೋ ಗುರುವಿನ ಬೆನ್ನ ಹಿಂದೆ ನಿಂತು ಕೇಳಿಸ್ಕೊತಿರ್ತಾನೆ. ಒಂದು ಸಾಲೂ ಸೇರಿಸದೆ ಸಾವು ವೇದಿಕೆ ಮೇಲೆ ಬಂದು ನಿಂತಿರುತ್ತೆ.

ಸೈಡ್‌ವಿಂಗ್

ಮೇಷ್ಟ್ರೆ, ಮಾತು ಒಪ್ಪಿದೆ. ಆದರೆ ಮೂವತ್ತು ಸಾಲು ಒಬ್ಬನೇ ನಿಂತು ಹೇಳಿದರೆ ಹಿಂದಿನ ಸಾಲಿನವರು ಚಹಾಕ್ಕೆ ಎದ್ದು ಹೋಗ್ತಾರೆ. ಹದಿನಾರು ಸಾಲಿಗೆ ಇಳಿಸಬಹುದು. ಸೂರ್ಯೋದಯದ ವರ್ಣನೆ ಬೆಳಕಿಗೆ ಬಿಡಿ, ಅಂಬರ್ ಜೆಲ್ (ಹಳದಿಗೆಂಪು ಬಣ್ಣದ ಹಾಳೆ) ಹಾಕಿದ ಒಂದು ಪಾರ್ ಲೈಟ್ ಅಡ್ಡದಿಂದ ನಿಧಾನಕ್ಕೆ ಏರಿದರೆ ಆ ಸಾಲುಗಳ ಕೆಲಸ ಆಯ್ತು. ಅದೇ ಎರಡನೇ ಕ್ವಾರ್ಟೊದಲ್ಲಿ ಆ ಬೆಳಗಿನ ನಾಲ್ಕು ಸಾಲು ಎರಡು ಸಲ ಅಚ್ಚಾಗಿವೆ, ರೋಮಿಯೋ ಬಾಯಲ್ಲಿ ಒಮ್ಮೆ, ಸನ್ಯಾಸಿ ಬಾಯಲ್ಲಿ ಒಮ್ಮೆ. ಹಾಗಾಗಿ ಅಲ್ಲಿ ಕತ್ತರಿ ಹಾಕೋಕೆ ಹಿಂಜರಿಯಬೇಕಿಲ್ಲ. ಭೂಮಿಯ ಎರಡು ಸಾಲು, ಹೂವಿನ ನಾಲ್ಕು, ಇಬ್ಬರು ರಾಜರ ನಾಲ್ಕು, ಇವನ್ನ ಮುಟ್ಟಬೇಡಿ.

ಇಂಗ್ಲಿಷಿನಲ್ಲಿ ಇದು ಅಂತ್ಯಪ್ರಾಸದ ಜೋಡಿ ಸಾಲು. ಕನ್ನಡದಲ್ಲಿ ಅಂತ್ಯಪ್ರಾಸ ಹಿಡಿಯಹೋದರೆ ಮಕ್ಕಳ ಪದ್ಯ ಆಗಿಬಿಡುತ್ತೆ. ಗದ್ಯವೇ ಇರಲಿ, ಸಾಲಿನ ಲಯಕ್ಕೆ ನಟನ ಕೈ ದುಡಿಯಲಿ. ಒಂದೊಂದು ವಾಕ್ಯಕ್ಕೂ ಬುಟ್ಟಿಯಿಂದ ಒಂದೊಂದು ಗಿಡ ತೆಗೆದು ಮಣ್ಣು ಕೊಡವಿ, ಎರಡು ಗುಡ್ಡೆ ಹಾಕ್ತಾ ಹೋಗಬೇಕು: ಎಡಕ್ಕೆ ಔಷಧ, ಬಲಕ್ಕೆ ವಿಷ. ಆ ಎಳೆ ಹೂವು ಬಂದಾಗ ಯಾವ ಗುಡ್ಡೆಗೆ ಅಂತ ಕೈ ತಡೆಯಬೇಕು. ಅಲ್ಲಿಗೆ ಜನಕ್ಕೆ ಅರ್ಥ ಆಯ್ತು.

ಬೇರುನಾರು (ಚಿತ್ರದುರ್ಗ)

ಬುಟ್ಟಿಯೊಳಗೆ ಏನಿರಬೇಕು ಅನ್ನೋದು ನನ್ನ ವಿಷಯ.

ಮೂಲದಲ್ಲಿ ಆ ಹೂವಿಗೆ ಹೆಸರಿಲ್ಲ. ಹೆಸರಿಡದಿರೋದೇ ಜಾಣತನ. ಬೆಲಡೋನ, ಮ್ಯಾಂಡ್ರೇಕ್, ಹೆನ್‌ಬೇನ್ ಅಂತ ಓದುಗರು ಹುಡುಕ್ತಾರೆ. ಮೂರೂ ನಮ್ಮ ಬದನೆಯ ಕುಲದವು, ಉಮ್ಮತ್ತಿಯೂ ಅದೇ ಕುಲ. ಆದರೆ ಈ ಗಿಡಗಳ ವಿಷ ಏರಿದವರಿಗೆ ಬಾಯಿ ಒಣಗುತ್ತೆ, ಕಣ್ಣಪಾಪೆ ಹಿಗ್ಗುತ್ತೆ, ಚರ್ಮ ಬಿಸಿಯಾಗಿ ಕೆಂಪೇರುತ್ತೆ, ಎದೆ ಡವಡವ ಓಡುತ್ತೆ, ಬಡಬಡಿಸ್ತಾರೆ. ನಾಲ್ಕನೇ ಅಂಕದಲ್ಲಿ ಜೂಲಿಯೆಟ್‌ಗೆ ಸತ್ತ ಹಾಗೆ ಮಲಗಿಸೋ ಮದ್ದು ಕೊಡುವಾಗ ಲಾರೆನ್ಸ್ ಹೇಳೋದು ಇದಕ್ಕೆ ಪೂರಾ ಉಲ್ಟಾ: ಮೈ ತಣ್ಣಗೆ, ನಾಡಿ ಇಲ್ಲ, ಉಸಿರಿಲ್ಲ, ತುಟಿ ಕೆನ್ನೆಯ ಗುಲಾಬಿ ಬೂದಿ ಬಣ್ಣ. ಸತ್ತ ಹಾಗೆ ಮಲಗಿಸಿ 42 ತಾಸಿಗೆ ಸರಿಯಾಗಿ ಎಬ್ಬಿಸೋ ಗಿಡ ನಾಟಕ ನಡೆಯೋ ವೆರೋನಾದಲ್ಲೂ ಇಲ್ಲ, ನಮ್ಮ ಜೋಗಿಮಟ್ಟಿ ಕಾಡಿನಲ್ಲೂ ಇಲ್ಲ. ಅದು ನಾಟಕದ ಮದ್ದು, ಹಾಗೇ ಇರಲಿ.

ಬುಟ್ಟಿಗೆ ಜನ ದೂರದಿಂದಲೇ ಗುರುತಿಸೋ ನಾಲ್ಕೈದು ಸಾಕು. ತುಳಸಿ, ಮಾಚಿಪತ್ರೆ, ಲೋಳೆಸರ ಒಂದು ಕಡೆ. ಉಮ್ಮತ್ತಿಯ ಮುಳ್ಳುಕಾಯಿ, ಎಕ್ಕದ ಟೊಂಗೆ ಇನ್ನೊಂದು ಕಡೆ. ಒಳ್ಳೆಯ ಗುಡ್ಡೆ ನಿಜದ್ದಿರಲಿ, ವಿಷದ ಗುಡ್ಡೆ ಬಟ್ಟೆಯದೋ ಕ್ರೇಪ್ ಕಾಗದದ್ದೋ ಇರಲಿ. ಕಾರಣ ಇದೆ. ಎಕ್ಕದ ಟೊಂಗೆ ಮುರಿದರೆ ಹಾಲು ಬರುತ್ತೆ, ಆ ಕೈಯಲ್ಲಿ ನಟ ಬೆವರು ಒರೆಸ್ಕೊಂಡು ಹಾಲು ಕಣ್ಣಿಗೆ ಬಿದ್ದರೆ ನಾಟಕ ಬಿಟ್ಟು ಕಣ್ಣಾಸ್ಪತ್ರೆಗೆ ಓಡಬೇಕು. ಉಮ್ಮತ್ತಿ ಮುಟ್ಟಿದ ಕೈ ಕಣ್ಣಿಗೆ ತಾಗಿದರೂ ಪಾಪೆ ಹಿಗ್ಗಿ, ಮುಂದಿನ ದೃಶ್ಯದ ಲೈಟು ಕಣ್ಣು ಕುಕ್ಕುತ್ತೆ.

ಕಂದಪದ್ಯ

ಆ ಎಳೆ ಹೂವಿಗೆ ಕಣಗಿಲೆ ಹಿಡಿಸಿ. ದೇವರ ತಲೆಗೆ ಏರೋ ಹೂವು, ಬೇರಿಂದ ಎಲೆವರೆಗೆ ಎದೆ ನಿಲ್ಲಿಸೋ ವಿಷ. ಲಾರೆನ್ಸ್ ಹೇಳಿದ ಮಾತಿಗೆ ಹೇಳಿ ಮಾಡಿಸಿದ ಹಾಗಿದೆ. ನಮ್ಮ ಕಡೆ ಯಾರಿಗೂ ವಿವರಿಸಬೇಕಾಗಿಲ್ಲ.

ಬೇರುನಾರು (ಚಿತ್ರದುರ್ಗ)

ಬೇಡ ಸ್ವಾಮಿ. ನೀವು ಹೇಳಿದ ಕಾರಣಕ್ಕೇ ಬೇಡ. ಕಣಗಿಲೆ ಅಂದರೆ ನಮ್ಮ ಊರುಗಳಲ್ಲಿ ಜನಕ್ಕೆ ನೆನಪಾಗೋದು ಯಾರದೋ ಮನೆಯ ಸಾವು. ಆ ಕ್ಷಣಕ್ಕೇ ಸನ್ಯಾಸಿ ಕೊಲೆಗಾರನ ಹಾಗೆ ಕಾಣ್ತಾನೆ, ಅವನು ಒಳ್ಳೆಯವನು ಅನ್ನೋ ನಂಬಿಕೆ ಎರಡನೇ ಅಂಕದಲ್ಲೇ ಮುರೀತು. ಜೊತೆಗೆ ಹರೆಯದ ಹುಡುಗ ಹುಡುಗಿಯರು ತುಂಬಿದ ಸಭೆಯಲ್ಲಿ ಗುರುತು ಸಿಗೋ ವಿಷದ ಗಿಡ ತೋರಿಸಿ ಅದರ ಕೆಲಸ ಹೇಳಿಕೊಡೋದು ಸರಿಯಲ್ಲ. ಯಾವ ಗಿಡಕ್ಕೂ ಸೇರದ, ಬಟ್ಟೆಯಲ್ಲಿ ಹೊಲಿದ ಬಿಳಿ ಹೂವು ಮಾಡಿಸಿ. ಅಂಗೈ ಅಗಲ, ಐದೆಸಳು, ತಂತಿಯ ಕಾಂಡ. ಅದಕ್ಕಿಂತ ಚಿಕ್ಕದಾದರೆ ಹತ್ತನೇ ಸಾಲಿಗೆ ಕಾಣಲ್ಲ.

ದಾಳಿಂಬೆ_ಹಿರಿಯೂರು

ದಾಳಿಂಬೆ ಮಾತು ಯಾರೂ ಎತ್ತಲಿಲ್ಲವಲ್ಲ! ಮೂರನೇ ಅಂಕದ ಐದನೇ ದೃಶ್ಯ. ಮೊದಲ ರಾತ್ರಿ ಕಳೆದು ಬೆಳಗಾಗ್ತಾ ಇದೆ. ಜೂಲಿಯೆಟ್, ‘ಕೂಗಿದ್ದು ಬೆಳಗಿನ ಬಾನಾಡಿಯಲ್ಲ, ಆ ದಾಳಿಂಬೆ ಗಿಡದ ಮೇಲೆ ದಿನಾ ರಾತ್ರಿ ಹಾಡೋ ನೈಟಿಂಗೇಲ್’ ಅಂತ ಗಂಡನನ್ನ ತಡೆಯೋಕೆ ನೋಡ್ತಾಳೆ. ಯುರೋಪಿನವರಿಗೆ ದಾಳಿಂಬೆ ಅಂದರೆ ಫಲವಂತಿಕೆಯೂ ಹೌದು, ಪಾತಾಳವೂ ಹೌದು. ಪಾತಾಳದ ದೊರೆ ಹೊತ್ತೊಯ್ದ ಪರ್ಸೆಫೊನೆ ಅಲ್ಲಿ ದಾಳಿಂಬೆ ಕಾಳು ತಿಂದದ್ದಕ್ಕೆ ಪೂರ್ತಿ ಮೇಲೆ ಬರೋಕಾಗಲಿಲ್ಲ ಅನ್ನೋದು ಗ್ರೀಕರ ಕಥೆ. ಮದುವೆಯ ಹಾಸಿಗೆ ಪಕ್ಕದಲ್ಲೇ ಆ ಗಿಡ ನೆಟ್ಟಿದಾನೆ ನಾಟಕಕಾರ.

ನಮ್ಮ ಜಿಲ್ಲೆಯಲ್ಲಿ ಟೊಂಗೆಗೆ ಬರ ಇಲ್ಲ. ಚಾಟನಿ (ಟೊಂಗೆ ಸವರೋದು) ಆದಾಗ ತೋಟದಲ್ಲಿ ಕೇಳಿದರೆ ಬಿಟ್ಟಿ ಕೊಡ್ತಾರೆ. ನಾಲ್ಕೈದು ಅಡಿ ಟೊಂಗೆ ಎರಡು, ಮರಳು ತುಂಬಿದ ಡಬ್ಬಿಗೆ ನಿಲ್ಲಿಸಿ. ಎಲೆ ಸಣ್ಣ, ಕತ್ತರಿಸಿದ ಮೇಲೆ ಬೇಗ ಸುರುಟ್ಕೊಳ್ಳುತ್ತೆ, ಹಾಗಾಗಿ ಪ್ರದರ್ಶನದ ದಿನ ಮಧ್ಯಾಹ್ನವೇ ತರಬೇಕು. ಮುಳ್ಳಿರುತ್ತೆ, ಜೂಲಿಯೆಟ್ ಸೆರಗು ಸಿಕ್ಕಿಹಾಕೊಳ್ಳೋ ಕಡೆಯ ಮುಳ್ಳು ಕತ್ತರಿಸಿ. ಹೂವು ಉದುರಿದರೆ ಕೆಂಪು ಕ್ರೇಪಿನದು ಕಟ್ಟಿ, ದೂರಕ್ಕೆ ಯಾರಿಗೂ ಗೊತ್ತಾಗಲ್ಲ.

ಹುಳುವಿನ ಮಾತಿಗೂ ನಮ್ಮಲ್ಲಿ ಉತ್ತರ ಇದೆ. ದಾಳಿಂಬೆಗೆ ಬರೋ ಕಾಯಿಕೊರಕದ ಚಿಟ್ಟೆ ಹೂವಿನ ಮೇಲೆ, ಎಳೆ ಕಾಯಿ ಮೇಲೆ ಮೊಟ್ಟೆ ಇಡುತ್ತೆ. ಮರಿಹುಳ ಒಳಗೆ ಸೇರಿ ಕಾಳು ತಿಂತಾ ಇರುತ್ತೆ, ಹೊರಗಿನಿಂದ ಕಾಯಿ ಸುಮಾರು ದಿನ ಚೆನ್ನಾಗೇ ಕಾಣುತ್ತೆ. ಮೊದಲ ಅಂಕದಲ್ಲಿ ರೋಮಿಯೋನ ಅಪ್ಪ ಮಾಂಟೆಗ್ಯೂ ಮಗನ ಬಗ್ಗೆ ಹೇಳೋದೂ ಇದನ್ನೇ, ಎಸಳು ಬಿಚ್ಚೋ ಮೊದಲೇ ಹುಳ ಕಡಿದ ಮೊಗ್ಗು ಅಂತ. ಆ ಅಪ್ಪನ ಸಾಲೂ ಈ ಗುರುವಿನ ಸಾಲೂ ಒಂದೇ ಹುಳದ ಮೇಲಿವೆ, ಒಂದನ್ನ ಕತ್ತರಿಸಿದರೆ ಇನ್ನೊಂದು ಕುಂಟುತ್ತೆ.

ಮೇಷ್ಟ್ರು_ಹೊಸದುರ್ಗ

ಹಿರಿಯೂರಿನವರು ಒಳ್ಳೆಯ ಎಳೆ ಹಿಡಿದುಕೊಟ್ಟರು. ಗುಲಾಬಿಯದನ್ನೂ ಸೇರಿಸಿ ಬಿಡ್ತೀನಿ. ಪ್ರೇಮ ನಾಟಕ ಅಂದ ಕೂಡಲೇ ಪೋಸ್ಟರಿಗೆ ಕೆಂಪು ಗುಲಾಬಿ ಅಂಟಿಸೋ ಚಾಳಿ ಇದೆಯಲ್ಲ, ಈ ನಾಟಕದ ಗುಲಾಬಿ ಅಷ್ಟು ಸಲೀಸಲ್ಲ. ಉಪ್ಪರಿಗೆಯಲ್ಲಿ ಜೂಲಿಯೆಟ್ ಬಾಯಲ್ಲಿ ಅದು ತಾಜಾ ಪರಿಮಳ. ನಾಲ್ಕನೇ ಅಂಕದಲ್ಲಿ ಲಾರೆನ್ಸ್ ಮದ್ದಿನ ಲಕ್ಷಣ ಹೇಳುವಾಗ ತುಟಿಯ ಗುಲಾಬಿ ಬೂದಿಯಾಗುತ್ತೆ. ಐದನೇ ಅಂಕದಲ್ಲಿ, ಗಡೀಪಾರಾದ ರೋಮಿಯೋ ಇರೋ ಮಾಂಟುವಾ ಊರಿನ ಮದ್ದಿನ ಅಂಗಡಿಯಲ್ಲಿ ಧೂಳು ಹಿಡಿದ ಹಳೆಯ ಗುಲಾಬಿ ಬಿಲ್ಲೆ.

ಆಮೇಲೆ ಗೋರಿಯಲ್ಲಿ, ರೋಮಿಯೋ ಅವಳ ಮುಖ ನೋಡಿ, ನಿನ್ನ ತುಟಿ ಕೆನ್ನೆಯಲ್ಲಿ ಇನ್ನೂ ಕೆಂಪಿದೆ, ಸಾವಿನ ಬಿಳಿ ಬಾವುಟ ಇನ್ನೂ ಇಲ್ಲಿಗೆ ಬಂದಿಲ್ಲ ಅಂತಾನೆ! ಗುಲಾಬಿ ಮರಳಿ ಬಂದಿದೆ, ಮದ್ದು ಇಳೀತಾ ಇದೆ, ಅವಳು ಏಳೋಕೆ ಸ್ವಲ್ಪವೇ ಹೊತ್ತು. ಕಣ್ಣಿಗೆ ಕಂಡದ್ದನ್ನ ಬಾಯಲ್ಲಿ ಹೇಳ್ತಾನೆ, ಅರ್ಥ ಮಾತ್ರ ಆಗಲ್ಲ. ಗಿಡದ ಲಕ್ಷಣ ನೋಡಿ ಗುಣ ತಿಳಿಯೋ ವಿದ್ಯೆ ಗುರುವಿನದು, ಶಿಷ್ಯ ಬೆನ್ನ ಹಿಂದೆ ನಿಂತು ಕೇಳಿದ್ದ, ಕಲಿತಿರಲಿಲ್ಲ. ಎರಡನೇ ಅಂಕದ ಪಾಠ ಕತ್ತರಿಸಿದರೆ ಈ ಪೆಟ್ಟು ಯಾರಿಗೂ ತಾಗಲ್ಲ.

ಬಣ್ಣದಮನೆ

ಮೇಷ್ಟ್ರು ಹೇಳಿದ ಸಾಲಿಗೆ ಪ್ರಸಾಧನ ಕೈ ಕೊಡೋ ಜಾಗ ಇದೆ, ಕೇಳಿ. ನಾಲ್ಕನೇ ಅಂಕದಲ್ಲಿ ಜೂಲಿಯೆಟ್ ಹೆಣದ ಬಣ್ಣದಲ್ಲಿರಬೇಕು, ಐದನೇ ಅಂಕದ ಗೋರಿಯಲ್ಲಿ ಕೆಂಪು ಮರಳಿರಬೇಕು. ಮಧ್ಯೆ ಇರೋದು ಮಾಂಟುವಾದ ದೃಶ್ಯ ಮತ್ತು ಇಬ್ಬರು ಸನ್ಯಾಸಿಗಳ ಪುಟ್ಟ ದೃಶ್ಯ. ಆರೇಳು ನಿಮಿಷ ಸಿಗುತ್ತೆ, ಸಾಕು. ಬಿಳಿಚಿಸೋದಕ್ಕೆ ಮುಖಕ್ಕೆಲ್ಲ ಬಿಳಿ ಬಳಿಯಬೇಡಿ, ತೆಗೆಯೋಕಾಗಲ್ಲ. ತುಟಿಯ ಮೇಲೂ ಕೆನ್ನೆಯ ಮೇಲೂ ತಿಳಿ ಬಣ್ಣದ ಕಾಂಪ್ಯಾಕ್ಟ್ ಪೌಡರ್ ಒತ್ತಿ, ಕಣ್ಣ ಕೆಳಗೆ ಒಂದೆಳೆ ಬೂದು. ಗೋರಿಯ ಪರದೆ ಹಿಂದೆ ಹಸಿ ಹತ್ತಿಯಿಂದ ಒರೆಸಿ, ಬೆರಳಲ್ಲಿ ತುಟಿಗೆ ಕೆಂಪು ತೀಡಿ, ಅದೇ ಬೆರಳನ್ನ ಕೆನ್ನೆಗೆ ಆಡಿಸಿ.

ಎಡವೋದು ಬೆಳಕಿನಲ್ಲಿ. ರಾತ್ರಿ, ಗೋರಿ ಅಂತ ನೀಲಿ ಜೆಲ್ ಸುರಿದುಬಿಡ್ತಾರೆ. ನೀಲಿ ಬೆಳಕಿನಲ್ಲಿ ಕೆಂಪು ತುಟಿ ಕಪ್ಪಾಗಿ ಕಾಣುತ್ತೆ. ರೋಮಿಯೋ ಕೆಂಪಿದೆ ಅಂತಾನೆ, ಜನಕ್ಕೆ ವಿಷ ಕುಡಿದ ತುಟಿ ಕಾಣುತ್ತೆ. ಮೂಲದಲ್ಲೇ ಅವನು ದೀವಟಿಗೆ ತಂದಿರ್ತಾನೆ. ಅವನು ಅದನ್ನ ಇಟ್ಟ ಜಾಗದಿಂದ ಬೀಳೋ ಹಾಗೆ, ಮುಖದ ಮೇಲೆ ಮಾತ್ರ ಒಂದು ಅಂಬರ್ ಬೆಳಕು ಕೊಡಿ.

ಹೂವಾಡಗಿತ್ತಿ

ಹೂವಿನ ಲೆಕ್ಕ ನಂದು. ನಾಲ್ಕನೇ ಅಂಕದಲ್ಲಿ, ಅಪ್ಪ ಗೊತ್ತು ಮಾಡಿದ ವರ ಪ್ಯಾರಿಸ್ ಜೊತೆ ಮದುವೆಯ ದಿನ, ಮದುಮಗಳನ್ನ ಎಬ್ಬಿಸೋಕೆ ಬಂದವರು ಹೆಣ ಕಾಣ್ತಾರೆ. ಅಪ್ಪ ಕ್ಯಾಪುಲೆಟ್, ಮದುವೆಗೆ ತಂದ ಹೂವೇ ಹೆಣಕ್ಕಾಯ್ತು ಅಂತಾನೆ. ಲಾರೆನ್ಸ್ ಶವದ ಮೇಲೆ ರೋಸ್‌ಮರಿ (ಒಂದು ಪರಿಮಳದ ಗಿಡ) ಇಡಿ ಅಂತಾನೆ. ಅವರಲ್ಲಿ ರೋಸ್‌ಮರಿ ಮದುವೆಗೂ ಸೈ, ಸಾವಿಗೂ ಸೈ. ದಾದಿ ಮೊದಲೊಮ್ಮೆ ರೋಸ್‌ಮರಿ, ರೋಮಿಯೋ ಎರಡೂ ಒಂದೇ ಅಕ್ಷರದಿಂದ ಶುರು ಅಲ್ವಾ ಅಂತ ನಗಾಡಿರ್ತಾಳೆ, ಅದು ಇಲ್ಲಿ ಬಂದು ಕುಟುಕುತ್ತೆ.

ನಮ್ಮಲ್ಲಿ ಎರಡಕ್ಕೂ ಒದಗೋ ಹೂವು ಸೇವಂತಿಗೆ. ತುಳಸಿ ಬೇಡ, ಅದು ಸಾಯೋರ ಬಾಯಿಗೆ ಬಿಡೋ ನೀರನ್ನ ನೆನಪಿಸಿ ಮದುವೆ ಕಡೆಯ ಅರ್ಥವನ್ನ ಹೊಸಕಿಹಾಕುತ್ತೆ. ಇದಕ್ಕಿಂತ ಜೋರಾದ್ದು ಮೊಗ್ಗಿನ ಜಡೆ. ಜೂಲಿಯೆಟ್ ಮದ್ದು ಕುಡಿಯೋ ರಾತ್ರಿ ಅವಳ ಕೋಣೆಯಲ್ಲಿ ತಟ್ಟೆ ಮೇಲೆ ಮೊಗ್ಗಿನ ಜಡೆ ಸಿದ್ಧ ಇರಲಿ, ಮರುದಿನ ಅದನ್ನೇ ಹೆಣಕ್ಕೆ ಮುಡಿಸಲಿ. ಮಲ್ಲಿಗೆ ಮೊಗ್ಗು ಸಂಜೆ ಮೇಲೆ ತಾನೇ ಬಿರಿಯುತ್ತೆ. ಏಳು ಗಂಟೆಗೆ ನಾಟಕ ಶುರುವಾದರೆ ಎಂಟೂವರೆಗೆ, ಅಂದರೆ ಸರಿಯಾಗಿ ಶವದ ದೃಶ್ಯಕ್ಕೆ, ಮೊಗ್ಗು ಅರಳಿ ಪರಿಮಳ ಮುಂದಿನ ಸಾಲಿಗೆ ತಾಕುತ್ತೆ. ತೆರೆದ ಮೊಗ್ಗು ಬೇಡ ಅನ್ನೋರು ಒದ್ದೆ ಬಟ್ಟೆಯಲ್ಲಿ ಸುತ್ತಿ ಐಸ್ ಪೆಟ್ಟಿಗೆಯಲ್ಲಿಡಿ, ಐಸು ನೇರ ತಾಗಿದರೆ ಮೊಗ್ಗು ಕಂದುತ್ತೆ. ನನ್ನ ಕೇಳಿದರೆ ಅರಳಲಿ ಬಿಡಿ.

ಜಡೆಗೆ ತಳ ರಟ್ಟಿನದ್ದೋ ಬಾಳೆ ಪಟ್ಟೆಯದ್ದೋ ಮಾಡ್ತಾರೆ. ರಟ್ಟು ಬೆವರಿಗೆ ಮೆತ್ತಗಾಗುತ್ತೆ, ಮಲಗಿದರೆ ಮುರಿಯುತ್ತೆ. ಜೂಲಿಯೆಟ್ ಅರ್ಧ ಗಂಟೆ ಮಲಗಿರಬೇಕಾದ್ದರಿಂದ ಬಾಳೆ ಪಟ್ಟೆಯೇ ಸರಿ, ಜಡೆ ಬೆನ್ನ ಕೆಳಗೆ ಸಿಗದಂತೆ ಭುಜದ ಮೇಲಿಂದ ಮುಂದಕ್ಕೆ ಎಳೆದಿಡಿ. ದಂಡೆಗೆ ಎರಡು ಮಾರು ಕನಕಾಂಬರ.

ಸೈಡ್‌ವಿಂಗ್

ಅಕ್ಕ, ಹೂವಿನ ಮಾತು ಬಂದಾಗ ಒಂದು ಎಚ್ಚರಿಕೆ ಬರೆದಿಡ್ತೀನಿ. ಐದನೇ ಅಂಕದಲ್ಲಿ ಪ್ಯಾರಿಸ್ ಗೋರಿ ಮುಂದೆ ಹೂವು ಚೆಲ್ಲಿ, ಪನ್ನೀರು ಚಿಮುಕಿಸ್ತೀನಿ ಅಂತಾನೆ. ಅದಾದ ಕೂಡಲೇ ಅದೇ ಜಾಗದಲ್ಲಿ ರೋಮಿಯೋ ಜೊತೆ ಕತ್ತಿ ಕಾಳಗ! ಒದ್ದೆ ಗುಲಾಬಿ ಎಸಳ ಮೇಲೆ ಕಾಲಿಟ್ಟರೆ ನೆಲದಲ್ಲಿ ಸಾಬೂನು ಹಚ್ಚಿದ ಹಾಗೆ. ಪನ್ನೀರು ಬಾಯಿ ಮಾತಿಗೆ ಬಿಡಿ, ಪನ್ನೀರುದಾನಿ ಖಾಲಿ ಇರಲಿ. ಎಸಳಿಗೆ ಬದಲು ಅರ್ಧ ಕೆಜಿ ಬಿಡಿ ಸೇವಂತಿಗೆ, ಅದೂ ಗೋರಿಯ ಮೆಟ್ಟಿಲ ಮೇಲೆ ಮಾತ್ರ. ಕಾಳಗ ಮುಂದಿನ ಮೂರು ಹೆಜ್ಜೆ ಜಾಗದಲ್ಲಿ ನಡೀಲಿ, ಹೂವಿನ ಗೆರೆ ದಾಟಬಾರದು ಅಂತ ತಾಲೀಮಿನಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಎರಡನೆಯದು, ಜೂಲಿಯೆಟ್ ಕುಡಿಯೋ ಮದ್ದು, ರೋಮಿಯೋ ಕುಡಿಯೋ ವಿಷ ಎರಡೂ ಒಂದೇ ಥರ ಕಾಣಬಾರದು. ಲಾರೆನ್ಸ್ ಕೊಡೋದು ಸೀಸೆ, ಸರಿ. ಮಾಂಟುವಾದ ಮದ್ದಿನಂಗಡಿಯವನು ರೋಮಿಯೋಗೆ ವಿಷ ಕೊಡುವಾಗ ಹೇಳೋದೇನು? ಇದನ್ನ ಯಾವುದಾದರೂ ದ್ರವಕ್ಕೆ ಹಾಕಿ ಕುಡಿ ಅಂತ. ಕೊನೆಗೆ ಜೂಲಿಯೆಟ್ ಅವನ ಕೈಯಲ್ಲಿ ಕಾಣೋದು ಬಟ್ಟಲು. ಅಂದರೆ ಪೊಟ್ಟಣ ಕೊಡಬಹುದು, ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಕಾಗದ ಮಡಚಿ ನೂಲು ಸುತ್ತಿ ಕೊಡ್ತಾರಲ್ಲ ಹಾಗೆ. ಗುರುವಿನದು ಸೀಸೆ, ಬಡವನದು ಪೊಟ್ಟಣ. ಗೋರಿಯಲ್ಲಿ ಪೊಟ್ಟಣ ಬಿಚ್ಚಿ ಬಟ್ಟಲಿಗೆ ಸುರಿಯೋ ಆ ನಾಲ್ಕು ಸೆಕೆಂಡು ನಿಮಗೆ ಬೋನಸ್ಸು. ಸೀಸೆ ಗಾಜಿನದು ಬೇಡ, ಗಟ್ಟಿ ಪ್ಲಾಸ್ಟಿಕ್ಕಿಗೆ ಬಣ್ಣ ಬಳೀರಿ. ಒಳಗೆ ಬರೀ ನೀರು. ಬೆಲ್ಲದ ನೀರು ಹಾಕಿದರೆ ಮಲಗಿದ ಜೂಲಿಯೆಟ್ ತುಟಿಗೆ ಇರುವೆ ಬರುತ್ತೆ.

ಲಾರೆನ್ಸ್ ಪಾತ್ರದವನಿಗೇ ಮದ್ದಿನಂಗಡಿಯವನ ಪಾತ್ರ ಕೊಡೋ ಆಸೆ ಇದ್ದರೆ, ಇಬ್ಬರೂ ಗಿಡಮೂಲಿಕೆ ಆಯುವವರೇ ಆದ್ದರಿಂದ ಅರ್ಥ ಚೆನ್ನಾಗಿ ಕೂಡುತ್ತೆ. ಆದರೆ ಅಂಗಡಿ ದೃಶ್ಯದ ಬೆನ್ನಿಗೇ ಲಾರೆನ್ಸ್ ಬರಬೇಕು, ಒಂದು ನಿಮಿಷವೂ ಸಿಗಲ್ಲ. ಸನ್ಯಾಸಿಯ ನಿಲುವಂಗಿ ಒಳಗೆ ಹಾಕಿಸಿ, ಮೇಲೆ ಹರಕು ಕಂಬಳಿ ಹೊದಿಸಿ, ತಲೆಗೊಂದು ರುಮಾಲು ಸುತ್ತಿಸಿ ಕಳಿಸಿ. ಬಿಚ್ಚಿ ಎಸೆದರೆ ಆಯ್ತು.

ಕಂದಪದ್ಯ

ಎಲ್ಲ ಸರಿ. ಗುರು ಅಂತ ಎಲ್ಲರೂ ಹೊಗಳ್ತಿದೀರಿ. ನನ್ನ ಪ್ರಕಾರ ಎರಡು ಸಾವಿಗೂ ಈ ಸನ್ಯಾಸಿಯೇ ಕಾರಣ. ಅಪ್ಪ ಅಮ್ಮನಿಗೆ ಹೇಳದೆ ಕದ್ದು ಮದುವೆ, ಹದಿನಾಲ್ಕು ತುಂಬದ ಹುಡುಗಿ ಕೈಗೆ ಸೀಸೆ, ಕೊನೆಗೆ ಹೆಣದ ಪಕ್ಕ ಅವಳನ್ನ ಬಿಟ್ಟು ಓಟ. ಇದೆಂಥ ಮಾರ್ಗದರ್ಶಕ?

ಮೇಷ್ಟ್ರು_ಹೊಸದುರ್ಗ

ತಪ್ಪಿದೆ, ಆದರೆ ನೀವು ಹೇಳಿದ ಜಾಗದಲ್ಲಿ ಅಲ್ಲ. ಕದ್ದು ಮದುವೆಗೆ ಅವನ ಕಾರಣ ಎರಡನೇ ಅಂಕದಲ್ಲೇ ಇದೆ: ಈ ಸಂಬಂಧದಿಂದ ಎರಡು ಮನೆಯ ಹಗೆ ಆರಬಹುದು ಅಂತ. 1562ರಲ್ಲಿ ಬಂದ ಆರ್ಥರ್ ಬ್ರೂಕನ ಕಥನಕಾವ್ಯ ಈ ನಾಟಕಕ್ಕೆ ಮೂಲ. ಅದರ ಮುನ್ನುಡಿಯಲ್ಲಿ ಮೂಢನಂಬಿಕೆಯ ಸನ್ಯಾಸಿಗಳ ಮೇಲೆ ಹರಿಹಾಯ್ದಿದಾನೆ. ಶೇಕ್ಸ್‌ಪಿಯರ್ ಆ ಬೈಗುಳ ಕೈಬಿಟ್ಟು, ಬ್ರೂಕನಲ್ಲಿ ತಿಂಗಳುಗಟ್ಟಲೆ ನಡೆಯೋ ಕಥೆಯನ್ನ ನಾಲ್ಕೈದು ದಿನಕ್ಕೆ ಬಿಗಿದ. ಅದರಿಂದ ಏನಾಯ್ತು ಅಂದರೆ ಸನ್ಯಾಸಿ ಒಳ್ಳೆಯವನಾದ, ಸಮಯ ಕೆಟ್ಟದ್ದಾಯ್ತು.

ನಿಜವಾದ ತಪ್ಪು ಮೂರನೇ ಅಂಕದ ಮೂರನೇ ದೃಶ್ಯದಲ್ಲಿ ಅಡಗಿದೆ, ಯಾರೂ ಗಮನಿಸಲ್ಲ. ರೋಮಿಯೋನನ್ನ ಮಾಂಟುವಾಕ್ಕೆ ಕಳಿಸುವಾಗ ಲಾರೆನ್ಸ್ ಮಾತು ಕೊಡ್ತಾನೆ: ನಿನ್ನ ಆಳನ್ನ ಹುಡುಕಿ, ಇಲ್ಲಿ ನಡೆದ ಒಳ್ಳೆಯ ಸುದ್ದಿಯೆಲ್ಲ ಆಗಾಗ ಅವನ ಕೈಲೇ ಮುಟ್ಟಿಸ್ತೀನಿ ಅಂತ. ನಾಲ್ಕನೇ ಅಂಕಕ್ಕೆ ಬಂದಾಗ ಪತ್ರ ಕೊಟ್ಟು ಕಳಿಸೋದು ಸನ್ಯಾಸಿ ಜಾನ್ ಕೈಯಲ್ಲಿ! ಆಳು ಬಾಲ್ತಸಾರನಿಗೆ ಒಂದು ಮಾತೂ ಇಲ್ಲ. ಜಾನ್ ಪ್ರಯಾಣಕ್ಕೆ ಜೊತೆಗಾರನನ್ನ ಹುಡುಕಿಕೊಂಡು ಹೋದ ಮನೆಗೆ ಸಾಂಕ್ರಾಮಿಕದ ಅನುಮಾನದಿಂದ ಬೀಗ ಜಡೀತಾರೆ, ಪತ್ರ ಅಲ್ಲೇ ಉಳೀತು. ಬಾಲ್ತಸಾರ್ ಪಾಪ, ಶವ ಇಳಿಸಿದ್ದನ್ನ ಕಣ್ಣಾರೆ ಕಂಡು, ಕುದುರೆ ಏರಿ ಹೋಗಿ ಸಾವಿನ ಸುದ್ದಿ ಮುಟ್ಟಿಸಿದ. ಕೊಟ್ಟ ಮಾತಿನಂತೆ ಆ ಆಳಿಗೆ ಗುಟ್ಟು ಹೇಳಿದ್ದರೆ ನಾಟಕ ಅಲ್ಲಿಗೇ ಮುಗಿದು ಎಲ್ಲರೂ ಮನೆಗೆ ಹೋಗಬಹುದಿತ್ತು.

ಇನ್ನೊಂದು, ಇದು ಇನ್ನೂ ಕಹಿ. ಲಾರೆನ್ಸ್ ಜೂಲಿಯೆಟ್‌ಗೆ, ಮನೆಗೆ ಹೋಗು, ನಗ್ತಾ ಇರು, ಪ್ಯಾರಿಸ್‌ನ ಮದುವೆಯಾಗ್ತೀನಿ ಅನ್ನು, ನಾಳೆ ಬುಧವಾರ ರಾತ್ರಿ ಮದ್ದು ಕುಡಿ ಅಂತ ಹೇಳಿಕೊಟ್ಟಿದ್ದು. ಮದುವೆ ಇದ್ದದ್ದು ಗುರುವಾರ. ಮಗಳು ಒಪ್ಪಿದ್ದಕ್ಕೆ ಅಪ್ಪ ಹಿಗ್ಗಿಹೋಗಿ ಮದುವೆಯನ್ನ ಬುಧವಾರ ಬೆಳಿಗ್ಗೆಗೇ ಎಳೆದ. ಮದ್ದು ಮಂಗಳವಾರ ರಾತ್ರಿಯೇ ಕುಡಿಯಬೇಕಾಗಿ ಬಂತು, ಪತ್ರಕ್ಕೆ ಸಿಗಬೇಕಿದ್ದ ಒಂದು ದಿನ ಹಾರಿಹೋಯ್ತು. ಗುರು ಕಲಿಸಿದ ನಟನೆ ಚೆನ್ನಾಗಿ ಆಗಿದ್ದೇ ಯೋಜನೆಯನ್ನ ಕೆಡಿಸಿತು. ಹಿತ ಮಾಡೋದೇ ತಪ್ಪು ದಾರಿಗೆ ಬಿದ್ದರೆ ಕೇಡಾಗುತ್ತೆ ಅಂತ ಬುಟ್ಟಿ ಹಿಡ್ಕೊಂಡು ಅವನೇ ಹೇಳಿದ್ದ.

ಬಯಲುರಂಗ (ದಾವಣಗೆರೆ)

ಬಾಲ್ತಸಾರನ ಮಾತು ಕೇಳಿ ತಂಡದಲ್ಲಿ ಈಗ ಬೇರೆ ಜಗಳ ಶುರುವಾಗುತ್ತೆ. 42 ತಾಸು ಅನ್ನೋದನ್ನ ಹಾಗೇ ಇಡಬೇಕಾ? ಲೆಕ್ಕ ಹಾಕೋ ಪ್ರೇಕ್ಷಕರು ನಮ್ಮಲ್ಲಿ ಜಾಸ್ತಿ.

ಮೇಷ್ಟ್ರು_ಹೊಸದುರ್ಗ

ಲೆಕ್ಕ ಕೂಡಲ್ಲ. ಮಂಗಳವಾರ ರಾತ್ರಿ ಹನ್ನೊಂದಕ್ಕೆ ಕುಡಿದಳು ಅಂದರೆ 42 ತಾಸು ಗುರುವಾರ ಸಂಜೆ ಐದಕ್ಕೆ ಮುಗೀತು. ಗೋರಿಯ ದೃಶ್ಯ ನಡುರಾತ್ರಿ. ಕಾವಲುಗಾರ ಎರಡು ದಿನದಿಂದ ಹೂಳಿದ್ದವಳು ಅಂತಾನೆ. ‘ಎರಡು ದಿನ’ ಅಂತ ಹೇಳಿಸಿಬಿಡಿ, ಯಾರೂ ಬೆರಳು ಮಡಚಲ್ಲ.

ನಟನಿಗೆ ಒಂದು ಕಿವಿಮಾತು. ಎರಡನೇ ಅಂಕದ ಗಿಡದ ದೃಶ್ಯ ಮುಗಿಯೋದು, ಮೆಲ್ಲಗೆ, ಓಡುವವರೇ ಎಡವೋದು ಅನ್ನೋ ಸಾಲಿನಿಂದ. ಐದನೇ ಅಂಕದಲ್ಲಿ ಇದೇ ಮುದುಕ ಲಾಂದ್ರ, ಹಾರೆ, ಸನಿಕೆ ಹಿಡಿದು ಸ್ಮಶಾನದಲ್ಲಿ ಓಡಿಬರ್ತಾ, ಈ ರಾತ್ರಿ ನನ್ನ ಮುದಿಗಾಲು ಎಷ್ಟು ಸಲ ಗೋರಿಗೆ ಎಡವಿತು ಅಂತಾನೆ. ಎರಡೂ ಕಡೆ ಎಡವು ಅನ್ನೋ ಪದವನ್ನೇ ಬಳಸಿ, ಒಂದು ಕಡೆ ಮುಗ್ಗರಿಸು ಇನ್ನೊಂದು ಕಡೆ ತಡವರಿಸು ಮಾಡಬೇಡಿ. ಎರಡನೇ ಅಂಕದಲ್ಲಿ ಅವನ ನಡಿಗೆ ನಿಧಾನ ಇರಲಿ, ಒಂದೊಂದು ಗಿಡಕ್ಕೂ ಬಗ್ಗಿ ಏಳೋ ನಿಧಾನ. ಅದು ಕೂತರೆ ಮಾತ್ರ ಐದನೇ ಅಂಕದ ಓಟ ಕಾಣೋದು.

ದಾಳಿಂಬೆ_ಹಿರಿಯೂರು

ಅಕಾಲದ ಹಿಮ ಅಂತ ಕ್ಯಾಪುಲೆಟ್ ಮಗಳ ಹೆಣ ನೋಡಿ ಹೇಳ್ತಾನಲ್ಲ, ಹೊಲದ ಅತ್ಯಂತ ಸವಿಯಾದ ಹೂವಿನ ಮೇಲೆ ಹಿಮ ಬಿದ್ದ ಹಾಗೆ ಅಂತ. ನಮ್ಮ ಬಯಲುಸೀಮೆಯಲ್ಲಿ ಹಿಮ ಯಾರಿಗೆ ಗೊತ್ತು? ‘ಅಕಾಲದ ಆಲಿಕಲ್ಲು’ ಅನ್ನಿಸಿ. ಹೂವು ಕಟ್ಟಿದ ತೋಟದ ಮೇಲೆ ಆಲಿಕಲ್ಲು ಬಿದ್ದರೆ ಏನಾಗುತ್ತೆ ಅಂತ ಸಭೆಯಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತೆ.

ಕಂದಪದ್ಯ

ಊರು, ಹೆಸರು ಎಲ್ಲ ನಮ್ಮದು ಮಾಡ್ಕೊಂಡರೆ ಗೋರಿಯ ಗತಿ ಏನು? ನಮ್ಮ ಕಡೆ ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚಿಬಿಡ್ತಾರೆ. ಒಳಗಿಂದ ಯಾರು ಏಳ್ತಾರೆ?

ಬೇರುನಾರು (ಚಿತ್ರದುರ್ಗ)

ಗವಿ ಮಾಡ್ಕೊಳ್ಳಿ. ಚಂದ್ರವಳ್ಳಿಯ ಅಂಕಲಿ ಮಠದ ನೆಲದಡಿಯ ಕೋಣೆಗಳನ್ನ ನೋಡಿದವರಿಗೆ ಬಗ್ಗಿ ಇಳಿಯೋ ಬಾಗಿಲು, ಒಳಗಿನ ಕತ್ತಲೆ, ಕೈದೀಪದ ಬೆಳಕು ತಕ್ಷಣ ಕಣ್ಣಿಗೆ ಬರುತ್ತೆ. ಆದರೆ ಸನ್ಯಾಸಿಯನ್ನ ಯಾವ ಮಠದವರು ಅಂತ ಗುರುತಿಸೋ ಹಾಗೆ ಕಾವಿ, ರುದ್ರಾಕ್ಷಿ ಹಾಕಿಸಿದರೆ ನಾಟಕ ಬಿಟ್ಟು ಬೇರೆ ಚರ್ಚೆ ಶುರುವಾಗುತ್ತೆ. ಮೂಲದಲ್ಲಿ ಅವನು ಫ್ರಾನ್ಸಿಸ್ಕನ್, ಬರಿಗಾಲು, ಒರಟು ನಿಲುವಂಗಿ, ಸೊಂಟಕ್ಕೆ ಹಗ್ಗ. ಮಣ್ಣು ಬಣ್ಣದ ನಿಲುವಂಗಿ, ಮಣ್ಣಾದ ಕೈ, ಮೇದಾರರು ಹೆಣೆದ ಒಂದಡಿ ಅಗಲದ ಬಿದಿರು ಬುಟ್ಟಿ, ಇಷ್ಟೇ ಸಾಕು. ವೆರೋನಾವನ್ನ ವೆರೋನಾದಲ್ಲೇ ಬಿಡೋದು ಒಳ್ಳೇದು ಅನ್ನೋದು ನನ್ನ ಅನಿಸಿಕೆ, ಗಿಡಗಳನ್ನ ಮಾತ್ರ ನಮ್ಮವು ಮಾಡ್ಕೊಳ್ಳಿ.

ದಾದಿಯದ್ದು ಮರೆತಿದ್ದೆ. ಮೊದಲ ಅಂಕದಲ್ಲಿ ಅವಳು ಹಾಲು ಬಿಡಿಸೋಕೆ ಮೊಲೆಗೆ ವರ್ಮ್‌ವುಡ್ ಹಚ್ಚಿದ್ದೆ ಅಂತಾಳೆ. ಅದು ನಮ್ಮ ಮಾಚಿಪತ್ರೆ, ದವನದ ಕುಲದ್ದೇ. ನಮ್ಮಲ್ಲಿ ಅದೇ ಕೆಲಸಕ್ಕೆ ಬೇವು ಅರೆದು ಹಚ್ಚೋರಿದಾರೆ. ಬೇವು ಅನ್ನಿಸಿ, ಹೆಂಗಸರ ಕಡೆಯಿಂದ ನಗು ತಾನೇ ಬರುತ್ತೆ. ಕಹಿ ಗಿಡ, ಎಳೆ ಬಾಯಿ, ಹಿತಕ್ಕಾಗಿ ಕೊಟ್ಟ ಕಹಿ. ಜೂಲಿಯೆಟ್‌ಗೆ ಸಿಕ್ಕ ಮೊದಲ ಮದ್ದು ಇದು.

ಬಯಲುರಂಗ (ದಾವಣಗೆರೆ)

ಹದಿನಾರು ಸಾಲು, ಎರಡು ಗುಡ್ಡೆ, ಬಟ್ಟೆಯ ಬಿಳಿ ಹೂವು, ಸೀಸೆ ಮತ್ತು ಪೊಟ್ಟಣ. ಬರೆದುಕೊಂಡಿದೀವಿ. ಸೈಡ್‌ವಿಂಗ್ ಅವರೇ, ಕೊನೆಯಲ್ಲಿ ಲಾರೆನ್ಸ್ ‘ಚಿಕ್ಕದಾಗಿ ಹೇಳ್ತೀನಿ’ ಅಂತ ಶುರು ಮಾಡಿ ನಲವತ್ತು ಸಾಲು ನಡೆದ ಕಥೆಯನ್ನೇ ಮತ್ತೆ ಹೇಳ್ತಾನಲ್ಲ, ಅದಕ್ಕೇನು ಮಾಡೋದು?

ಸೈಡ್‌ವಿಂಗ್

ಅದಕ್ಕೆ ಕತ್ತರಿ ಹಾಕಿ, ಯಾರೂ ಅಳಲ್ಲ. ಕಥೆ ಜನಕ್ಕೆ ಗೊತ್ತಿದೆ. ಎರಡು ಸಂಗತಿ ಮಾತ್ರ ಅವನ ಬಾಯಲ್ಲಿ ಉಳೀಬೇಕು: ಮದುವೆ ಮಾಡಿಸಿದ್ದು ನಾನು, ತಪ್ಪಿದ್ದರೆ ನನ್ನ ಮುದಿ ಜೀವವನ್ನ ಕಾನೂನಿಗೆ ಒಪ್ಪಿಸ್ತೀನಿ ಅನ್ನೋದು. ಆರು ಸಾಲು ಸಾಕು. ದೊರೆ, ನಿನ್ನನ್ನ ಯಾವತ್ತೂ ಪುಣ್ಯಾತ್ಮ ಅಂತಲೇ ಬಲ್ಲೆವು ಅಂತಾನಲ್ಲ, ಅದನ್ನ ತೆಗೀಬೇಡಿ, ಅದು ಕ್ಷಮೆಯೋ ಕುಟುಕೋ ಅನ್ನೋದನ್ನ ದೊರೆ ಪಾತ್ರದವನು ತಾಲೀಮಿನಲ್ಲಿ ತೀರ್ಮಾನಿಸಲಿ. ಲಾರೆನ್ಸ್ ಕೈಯಲ್ಲಿ ಹಾರೆ, ಸನಿಕೆ ಇರುತ್ತೆ, ಮಾತಾಡೋಕೆ ಮೊದಲು ಕಾವಲುಗಾರರು ಅವನ್ನ ಕಿತ್ತುಕೊಂಡಿರಬೇಕು, ಇಲ್ಲದಿದ್ದರೆ ಆರೂ ಸಾಲನ್ನ ಸನಿಕೆ ಊರಿಕೊಂಡೇ ಹೇಳ್ತಾನೆ.